ಅರವತ್ತು ನಿಮಿಷದ ಹಡಗು

ನಾನು ಬರೀ ಗುಂಡಿ ಒತ್ತಿದವನು.
ದಾವಣಗೆರೆಯ ಹಳೇಪೇಟೆಯಲ್ಲಿ ರೇಡಿಯೋ ರಿಪೇರಿ. ಮೈಕು ನನ್ನದು,
ಅದಕ್ಕೇ ನನ್ನನ್ನು ಸೇರಿಸಿಕೊಂಡರು.

ಪುಸ್ತಕ ಫಿಲೋಮಿನಾಳದು. ಅವಳಪ್ಪ
ಹತ್ತಿ ಗಿರಣಿಯ ಗೇಟಿನಲ್ಲಿ ಹಾಜರಿ ಬರೆಯುತ್ತಿದ್ದವರು,
ಗಿರಣಿ ಮುಚ್ಚಿದ ದಿನ ಮನೆಗೆ ತಂದದ್ದು ಎರಡೇ:
ಗೋದಾಮಿನ ಹಿತ್ತಾಳೆ ಬೀಗ, ವಾಚನಾಲಯದ ಒಂದು ಕಾದಂಬರಿ.
ಗಾಳಿ ಸತ್ತ ಕಡಲಲ್ಲಿ ನಿಂತುಬಿಟ್ಟ ಹಡಗು.
ತೊಂಬತ್ತೊಂದು ದಿನ. ಸಿಹಿನೀರು ತೀರುತ್ತದೆ,
ನಕಾಶೆ ಬರೆಯುವವನ ಕಣ್ಣು ಮಂಜಾಗಿ
ಇಲ್ಲದ ದ್ವೀಪಗಳನ್ನು ಬರೆಯಹತ್ತುತ್ತಾನೆ.
ಕೊನೆಯ ಹದಿನಾಲ್ಕು ಪುಟ ಗೆದ್ದಲು ತಿಂದಿತ್ತು.

"ಇದನ್ನ ಇಡೀ ಒಂದು ಕ್ಯಾಸೆಟ್ ಮಾಡಾಣಲೇ" ಅಂದ ಕೊಟ್ರೇಶಿ.
ಹಾಡಲ್ಲ, ಹಾಡುಗಳೂ ಅಲ್ಲ; ಒಂದೇ ಉದ್ದದ್ದು,
ನಡುವೆ ಎಲ್ಲೂ ಚಪ್ಪಾಳೆಗೆ ಜಾಗವಿಲ್ಲದ್ದು.
ಹೊರದೇಶದ ರಾಕ್ ಮಂದಿ ಹಂಗೆ ಮಾಡ್ತಾರಂತೆ,
ಒಂದು ಕಾದಂಬರಿಗೆ ಒಂದು ತಟ್ಟೆ, ಮೋಡದಂಥ ಆರ್ಗನ್ನು.
ನಮ್ಮಲ್ಲಿದ್ದದ್ದು ತಿಪ್ಪೇರುದ್ರನ ಮದುವೆ ಆರ್ಕೆಸ್ಟ್ರಾದ ಕೀಬೋರ್ಡು.
ಮೇಲಿನ 'ನಿ' ಒತ್ತಿದರೆ ಸಿಕ್ಕಿಕೊಂಡು ಕೂಗುತ್ತಿತ್ತು.
ಅದು ಹಡಗಿನ ಸೀಟಿ ಎಂದು ತೀರ್ಮಾನಿಸಿದೆವು.

ಕಡಲು ಬೇಕಿತ್ತು.
ಸೈಕಲ್ಲಿಗೆ ಮೈಕು ಕಟ್ಟಿ ಕುಂದುವಾಡ ಕೆರೆಗೆ ಹೋದೆವು.
ಮೂರು ತಾಸಿಗೆ ಸಿಕ್ಕಿದ್ದು ಎಮ್ಮೆಯ ಉಸಿರು,
ಬಟ್ಟೆ ಒಗೆಯುವವರ ಜಗಳ.
ಭದ್ರಾ ನಾಲೆಯೂ ಅಷ್ಟೆ, ಗದ್ದೆಗೆ ಹೊತ್ತಾಯಿತು ಎಂಬ ನೀರು,
ಅಲೆ ಅನ್ನುವುದೇ ಗೊತ್ತಿಲ್ಲ ಅದಕ್ಕೆ.

ಜಬೀವುಲ್ಲಾ ನಕ್ಕ. ಬರ್ರಿ ಅಂದ.
ಮಂಡಕ್ಕಿ ಭಟ್ಟಿ, ಬೆಳಗಿನ ನಾಲ್ಕು ಗಂಟೆ.
ಹೊಟ್ಟಿನ ಬೆಂಕಿ, ಗೋಡೆಗೆ ಮಸಿ, ಅವನ ಅಮ್ಮಿಯ ರೆಪ್ಪೆಗೂ ಮಸಿ.
ಕಾದ ಮರಳಿಗೆ ಅಕ್ಕಿ ಬಿತ್ತು, ಒಂದೇ ಹೊರಳಿಗೆ
ಬಾಣಲೆ ತುಂಬಾ ನೊರೆ.
ಅಮ್ಮಿ ಜರಡಿ ಆಡಿಸಿದಳು:
ತಕಿಟ ತಕಧಿಮಿ, ತಕಿಟ ತಕಧಿಮಿ,
ಮರಳು ಕೆಳಗೆ, ಮಂಡಕ್ಕಿ ಮೇಲೆ,
ಏಳು ಎಣಿಕೆ, ಎಂಟನೆಯದು ಇಲ್ಲವೇ ಇಲ್ಲ.
"ಯಾವ ತಾಳ ಅಮ್ಮಿ ಇದು?"
"ತಾಳ ಎಲ್ಲಿದಪ್ಪಾ, ಎಡಗೈ ನೋವು.
ಮೂರು ಸಲ ಇತ್ತ, ನಾಕು ಸಲ ಅತ್ತ."

ಆ ನೋವಿನ ಮೇಲೆ ಕಟ್ಟಿದೆವು ಇಡೀ ಕಡಲನ್ನು.

ಬೀಗವಿಲ್ಲದ ಗೋದಾಮು. ತೊಲೆಗೆ ಇನ್ನೂ ಹತ್ತಿಯ ಎಳೆ,
ದನಿ ಮೇಲೆ ಹೋಗಿ ಮೆತ್ತಗಾಗಿ ಇಳಿಯುತ್ತಿತ್ತು.
ಕೇಳಲು ಹನ್ನೊಂದು ಜನ, ವಾಚ್‌ಮನ್ ಸೇರಿ.
ಅಮ್ಮಿಯೂ ಬಂದಳು, ಜರಡಿ ಸಮೇತ;
ಮಗನ ಡ್ರಮ್ಮಿಗಿಂತ ಒಂದು ಕೂದಲು ಹಿಂದೆ, ಬೇಕೆಂದೇ.
ಫಿಲೋಮಿನಾ ಓದಿದಳು: ಅರವತ್ಮೂರನೆಯ ದಿನ.
ಚೀಲದಿಂದ ತಗಡಿಗೆ ಮಂಡಕ್ಕಿ ಸುರಿದೆವು.
ಅಲೆ ಬಂತು. ವಾಚ್‌ಮನ್ ಕಾಲು ಮೇಲೆತ್ತಿಕೊಂಡ.

ಕೊನೆಯ ಬಗ್ಗೆ ಜಗಳ ಮುಗಿದಿರಲಿಲ್ಲ.
ಕೊಟ್ರೇಶಿಗೆ ಹಡಗು ಮುಳುಗಬೇಕು,
ಜಬೀವುಲ್ಲಾನಿಗೆ ಗಾಳಿ ಬೀಸಬೇಕು,
'ನಿ' ಸಿಕ್ಕಿಕೊಂಡಲ್ಲೇ ಬಿಡೋಣ ಅನ್ನುವವ ತಿಪ್ಪೇರುದ್ರ.
ಬಾರಿಸುತ್ತ ಬಾರಿಸುತ್ತ ನೋಡಾಣ ಅಂದರು.
ನಾನು ನೋಡುತ್ತಿದ್ದೆ, ಕಂದು ಪಟ್ಟಿ ತೆಳುವಾಗುತ್ತಿತ್ತು,
ಕೈ ಎತ್ತಿ ಹೇಳಬಹುದಿತ್ತು.
ಟಕ್.
ಗುಂಡಿ ತಾನೇ ಮೇಲೆದ್ದಿತು. ಅವರಿನ್ನೂ ಬಾರಿಸುತ್ತಲೇ ಇದ್ದರು.

ಆಮೇಲೆ ಹಡಗಿಗೆ ಏನಾಯಿತು?
ಹನ್ನೊಂದು ಜನ ಹನ್ನೊಂದು ಹೇಳುತ್ತಾರೆ.
ನನಗೆ ನೆನಪಿಲ್ಲ, ನಾನು ಮೆಷಿನ್ ನೋಡುತ್ತಿದ್ದೆ.

ಹೋದ ವರ್ಷ ಚಿತ್ರದುರ್ಗದ ರದ್ದಿ ಅಂಗಡಿಯಲ್ಲಿ
ಅದೇ ಪುಸ್ತಕ ಸಿಕ್ಕಿತು, ಪೂರ್ತಿ.
ನಿಂತಲ್ಲೇ ಓದಿದೆ. ಗಾಳಿ ಬರುತ್ತದೆ.
ಕಪ್ತಾನ ಊರು ಸೇರಿ ಹೊಲ ಕೊಳ್ಳುತ್ತಾನೆ,
ಅತ್ತೆಯ ಮಗಳನ್ನು ಮದುವೆಯಾಗುತ್ತಾನೆ.
ನಕಾಶೆಯವನ ಸುದ್ದಿಯೇ ಇಲ್ಲ.
ಪುಸ್ತಕ ಅಲ್ಲೇ ಇಟ್ಟು ಬಂದೆ. ಆ ನಾಲ್ವರಿಗೂ ಹೇಳಿಲ್ಲ.

ಮೊನ್ನೆ ಜಬೀವುಲ್ಲಾನ ಫೋನು. ಭಟ್ಟಿಗೆ ಈಗ
ಕರೆಂಟಿನ ಜರಡಿ ಬಂದಿದೆ, ನಾಕು ನಾಕು ಎಣಿಸುತ್ತದಂತೆ.
ಅಮ್ಮಿಗೆ ನಿದ್ದೆ ಹತ್ತುವುದಿಲ್ಲ, "ಇದಕ್ಕೆ ಕೈಯೇ ನೋಯಲ್ಲ" ಎಂದು ಬೈಯುತ್ತಾಳೆ.
"ಆ ಕ್ಯಾಸೆಟ್ಟು ಐತೇನಲೇ ಇನ್ನೂ?"

ಐತೆ. ಪಟ್ಟಿ ಹೊರಬಂದಿದೆ ಅಷ್ಟೆ.
ಸುತ್ತಬೇಕು. ಮನೆಯಲ್ಲಿ ಒಂದೂ ಪೆನ್ಸಿಲ್ ಸಿಗುತ್ತಿಲ್ಲ.